ಎರಡನೆಯ ಡ್ರೈವೂ ಎರಡನೆಯ ಪ್ರತಿಯೂ

ಲ್ಯಾಪ್‌ಟಾಪಿಗೆ ಎರಡನೆಯ ಡ್ರೈವೊಂದನ್ನು ಕೊಳ್ಳಲು ಹೊರಟ ವಿದ್ಯಾರ್ಥಿಯು ಅಂಗಡಿಯಲ್ಲಿ ಕೇಳುವ ಮೊದಲನೆಯ ಪ್ರಶ್ನೆ, ‘ಯಾವ ಕಂಪನಿಯದು ಒಳ್ಳೆಯದು?’ ಎಂಬುದು, ಎರಡನೆಯದು, ‘ಎಷ್ಟು ಟೆರಾಬೈಟ್?’ ಎಂಬುದು. ಇವೆರಡಕ್ಕೂ ಉತ್ತರ ಸುಲಭವಾಗಿಯೇ ದೊರೆಯುತ್ತದೆ. ಆದರೆ ಮೂರು ವರ್ಷಗಳ ಟಿಪ್ಪಣಿಗಳನ್ನೂ ಪ್ರಯೋಗದ ದಾಖಲೆಗಳನ್ನೂ ಪ್ರಾಜೆಕ್ಟಿನ ವರದಿಯನ್ನೂ ಅಂಗೈಯಗಲದ ಒಂದು ಪೆಟ್ಟಿಗೆಗೆ ಒಪ್ಪಿಸಿದ ಮೇಲೆ, ಆ ಪೆಟ್ಟಿಗೆ ಒಂದು ದಿನ ಮೌನವಾಗಿಬಿಟ್ಟರೆ ಗತಿಯೇನು ಎಂದು ಕೇಳುವವರು ವಿರಳ. ಮೊದಲು ಕೇಳತಕ್ಕ ಪ್ರಶ್ನೆ ಇದೇ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಉತ್ತರವನ್ನು ಜಾಹೀರಾತಿನಲ್ಲಿ ಹುಡುಕುವುದಕ್ಕಿಂತ ಭೌತಶಾಸ್ತ್ರದಲ್ಲಿ ಹುಡುಕುವುದು ಲೇಸು.

ಇಂದು ಮಾರಾಟಕ್ಕಿರುವ ಡ್ರೈವುಗಳು ಮುಖ್ಯವಾಗಿ ಎರಡು ಬಗೆಯವು. ಹಾರ್ಡ್ ಡಿಸ್ಕ್ ಹಳೆಯದು. 1956ರಲ್ಲಿ ಐಬಿಎಂ ಕಂಪನಿಯು ಹೊರತಂದ ರಾಮಾಕ್ ಯಂತ್ರದಲ್ಲಿ ಎರಡಡಿ ವ್ಯಾಸದ 50 ತಟ್ಟೆಗಳಿದ್ದವು. ಅದರ ತೂಕ ಒಂದು ಟನ್ನಿಗೂ ಮಿಕ್ಕಿತ್ತು. ಅದು ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಹಾರ್ಡ್ ಡಿಸ್ಕ್ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾದರೂ ತತ್ತ್ವ ಅದೇ: ತಿರುಗುವ ತಟ್ಟೆ, ಅದರ ಮೇಲೆ ಕಾಂತೀಯ ಲೇಪ, ಆ ಲೇಪವನ್ನು ಓದುವ ಒಂದು ತಲೆ. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಅದರ ಅಂಚು ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುವಾಗ, ಓದುವ ತಲೆಯು ಅದರಿಂದ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರು! ಇಷ್ಟು ಸೂಕ್ಷ್ಮವಾದ ಕಾಂತೀಯ ಗುರುತುಗಳನ್ನು ಓದಲು ನೆರವಾದ ವಿದ್ಯಮಾನವನ್ನು 1988ರಲ್ಲಿ ಕಂಡುಹಿಡಿದ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಅವರಿಗೆ 2007ರ ನೊಬೆಲ್ ಪಾರಿತೋಷಕ ಸಂದಿತು. ಆದರೆ ಓಡುತ್ತಿರುವ ಈ ಯಂತ್ರ ಮೇಜಿನಿಂದ ಒಮ್ಮೆ ಕೆಳಗೆ ಬಿದ್ದರೆ ತಲೆಯು ತಟ್ಟೆಗೆ ತಾಗಿ ಲೇಪವನ್ನು ಕೆರೆದುಬಿಡಬಹುದು.

ಎರಡನೆಯ ಬಗೆ ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ಭಾಗ ಯಾವುದೂ ಇಲ್ಲ. ಜಪಾನಿನ ಫುಜಿಯೊ ಮಸುಓಕ ಅವರು ತೋಷಿಬಾ ಕಂಪನಿಯಲ್ಲಿದ್ದಾಗ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿಯೇ ಇದರ ಜೀವಾಳ. ವಿದ್ಯುನ್ನಿರೋಧಕ ಪದರಗಳ ನಡುವೆ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದೇ ಇಲ್ಲಿ ಬರವಣಿಗೆ. ಅಭೇದ್ಯವೆಂದು ತೋರುವ ತಡೆಯನ್ನು ಎಲೆಕ್ಟ್ರಾನು ದಾಟಿಹೋಗಬಲ್ಲುದೆಂದು ಕ್ವಾಂಟಂ ಸಿದ್ಧಾಂತದಲ್ಲಿ ಓದುತ್ತೇವಷ್ಟೆ. ಆ ಸುರಂಗ ಪ್ರಭಾವವೇ ಇಲ್ಲಿ ಪ್ರತಿಕ್ಷಣ ದುಡಿಯುತ್ತಿದೆ. ಆದರೆ ಅಳಿಸಿ ಬರೆದಂತೆಲ್ಲ ನಿರೋಧಕ ಪದರ ಸವೆಯುತ್ತದೆ. ಒಂದು ಕೋಶದಲ್ಲಿ ಮೂರು ಬಿಟ್ಟುಗಳನ್ನು ಇಡುವ ಇಂದಿನ ಸಾಮಾನ್ಯ ಎಸ್‌ಎಸ್‌ಡಿಗಳಲ್ಲಿ ಈ ಆಯುಸ್ಸು ಕೆಲವು ಸಾವಿರ ಬಾರಿಗಳಿಗೆ ಸೀಮಿತ. ಅಲ್ಲದೆ ಕೂಡಿಹಾಕಿದ ಎಲೆಕ್ಟ್ರಾನುಗಳು ಕಾಲ ಕಳೆದಂತೆ ಮೆಲ್ಲಮೆಲ್ಲನೆ ಸೋರುತ್ತವೆ. ಸೆಕೆ ಹೆಚ್ಚಿದರೆ ಇನ್ನೂ ಬೇಗ ಸೋರುತ್ತವೆ. ಬರವಣಿಗೆಯ ಆಯುಸ್ಸು ಮುಗಿದ ಎಸ್‌ಎಸ್‌ಡಿಯೊಂದು ವಿದ್ಯುತ್ತಿನ ಸಂಪರ್ಕವಿಲ್ಲದೆ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಕಾಪಾಡಬೇಕು ಎಂಬುದೇ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಸಂಸ್ಥೆ ಹಾಕಿಕೊಟ್ಟಿರುವ ಮಾನದಂಡ. ಹೊಸ ಡ್ರೈವು ಇದಕ್ಕಿಂತ ಬಹುಕಾಲ ತಡೆದೀತು. ಆದರೂ ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಂಥ ಊರಿನಲ್ಲಿ, ಅದನ್ನು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಮರೆಯುವುದು ವಿವೇಕವಲ್ಲ.

ಹೀಗೆ ಒಂದು ಪೆಟ್ಟಿಗೆ ಹಂಚಿಕೊಂಡು ಕೆಡುತ್ತದೆ, ಇನ್ನೊಂದು ಸವೆದು ಸೋರಿ ಕೆಡುತ್ತದೆ ಎಂದಾಯಿತು. ಹಾಗಾದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘10 ಲಕ್ಷ ಗಂಟೆ’ ಎಂಬ ಭರವಸೆಯ ಅರ್ಥವೇನು? ವರ್ಷಕ್ಕೆ 8760 ಗಂಟೆಗಳಂತೆ ಲೆಕ್ಕ ಹಾಕಿದರೆ ಅದು 114 ವರ್ಷಗಳಾಗುತ್ತದೆ. ನಿಮ್ಮ ಡ್ರೈವು ಅಷ್ಟು ಕಾಲ ಬಾಳುವುದೆಂದು ಇದರ ಅರ್ಥವಲ್ಲ. 1000 ಡ್ರೈವುಗಳನ್ನು ಒಂದು ವರ್ಷ ಎಡೆಬಿಡದೆ ಓಡಿಸಿದರೆ ಸುಮಾರು ಒಂಬತ್ತು ಕೆಡಬಹುದೆಂದಷ್ಟೇ ಅರ್ಥ. ವಾಸ್ತವವು ಇದಕ್ಕಿಂತಲೂ ಕಠಿಣ. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಬಿಯಾಂಕ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಅವರು ಸುಮಾರು ಒಂದು ಲಕ್ಷ ಡ್ರೈವುಗಳ ದಾಖಲೆಗಳನ್ನು ಪರಿಶೀಲಿಸಿದಾಗ, ವರ್ಷಕ್ಕೆ ನೂರರಲ್ಲಿ ಎರಡರಿಂದ ನಾಲ್ಕನ್ನು ಬದಲಾಯಿಸಬೇಕಾಗಿ ಬರುವುದು ಸಾಮಾನ್ಯವೆಂದು ಕಂಡಿತು. ಅದೇ ವರ್ಷ ಗೂಗಲ್ ಕಂಪನಿಯ ಎಂಜಿನಿಯರುಗಳು ತಮ್ಮಲ್ಲಿ ಕೆಟ್ಟ ಡ್ರೈವುಗಳನ್ನು ಪರೀಕ್ಷಿಸಿದರು. ಡ್ರೈವು ತನ್ನ ಆರೋಗ್ಯವನ್ನು ತಾನೇ ವರದಿ ಮಾಡುವ ‘ಸ್ಮಾರ್ಟ್’ ಎಂಬ ಏರ್ಪಾಡಿನಲ್ಲಿ ಬಹು ಮುಖ್ಯವಾದ ನಾಲ್ಕು ಸೂಚನೆಗಳಿವೆ. ಕೆಟ್ಟವುಗಳಲ್ಲಿ ಅರ್ಧಕ್ಕೂ ಹೆಚ್ಚು ಡ್ರೈವುಗಳು ಆ ನಾಲ್ಕರಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು. ಆದುದರಿಂದ ಆ ಏರ್ಪಾಡು ಕೇಡನ್ನು ಸೂಚಿಸಿದರೆ ಕೂಡಲೇ ನಂಬತಕ್ಕದ್ದು. ಕ್ಷೇಮವೆಂದು ಸೂಚಿಸಿದರೆ ಅದನ್ನೇ ನಂಬಿ ಕುಳಿತುಕೊಳ್ಳತಕ್ಕದ್ದಲ್ಲ.

ಇಷ್ಟೆಲ್ಲ ಹೇಳಿದ್ದರ ಸಾರಾಂಶವೆಂದರೆ, ನಂಬಿಕೆಗೆ ಅರ್ಹವಾದುದು ಒಂದು ಡ್ರೈವು ಅಲ್ಲ, ಎರಡು ಪ್ರತಿಗಳು. ಒಂದು ಡ್ರೈವು ವರ್ಷದಲ್ಲಿ ಕೆಡುವ ಸಂಭವ ನೂರಕ್ಕೆ ಮೂರು ಎಂದಿಟ್ಟುಕೊಳ್ಳೋಣ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಡ್ರೈವುಗಳು ಅದೇ ವರ್ಷದಲ್ಲಿ ಕೆಡುವ ಸಂಭವ ಹತ್ತು ಸಾವಿರಕ್ಕೆ ಒಂಬತ್ತು ಮಾತ್ರ. ಇಲ್ಲಿ ‘ಸಂಬಂಧವಿಲ್ಲದ’ ಎಂಬ ಮಾತನ್ನು ಮರೆಯಬಾರದು. ಒಂದೇ ಚೀಲದಲ್ಲಿಟ್ಟ ಎರಡೂ ಒಟ್ಟಿಗೆ ಕಳುವಾಗುತ್ತವೆ, ಒಂದೇ ಮಳೆಯಲ್ಲಿ ನೆನೆಯುತ್ತವೆ. ಲ್ಯಾಪ್‌ಟಾಪಿನ ಒಳಗೇ ಕೂರಿಸಿದ ಎರಡನೆಯ ಡ್ರೈವು ಸ್ಥಳವನ್ನು ಹೆಚ್ಚಿಸುತ್ತದೆಯೇ ಹೊರತು ಅಂಥ ಅಪಾಯದಿಂದ ಕಾಪಾಡುವುದಿಲ್ಲ.

ಈ ವಿವೇಕ ನಮ್ಮ ನಾಡಿಗೆ ಹೊಸದೇನೂ ಅಲ್ಲ. ತಾಳೆಗರಿಯನ್ನು ಹುಳು ತಿನ್ನುತ್ತದೆ, ತೇವ ಕೆಡಿಸುತ್ತದೆ. ಆದರೂ ಸಾವಿರ ವರ್ಷಗಳ ಹಿಂದಿನ ಕಾವ್ಯಗಳು ನಮಗೆ ದೊರೆತದ್ದು ಆ ಗರಿಗಳು ಗಟ್ಟಿಯಾಗಿದ್ದುದರಿಂದಲ್ಲ, ತಲೆಮಾರು ತಲೆಮಾರಿಗೂ ಪ್ರತಿ ಮಾಡುವವರು ಇದ್ದುದರಿಂದ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ.

‘ಎರಡು ಡ್ರೈವುಗಳಿಗೆ ವಿದ್ಯಾರ್ಥಿಯ ಬಳಿ ಹಣವೆಲ್ಲಿ?’ ಎಂದು ಕೆಲವರು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಮತ್ತೆ ದೊರೆಯದಂಥ ವಸ್ತು ನಮ್ಮಲ್ಲಿ ಎಷ್ಟಿದೆ ಎಂದು ಎಣಿಸಿ ನೋಡಿದರೆ ಅದು ಅಲ್ಪವೇ. ಚಲನಚಿತ್ರಗಳನ್ನೂ ಆಟಗಳನ್ನೂ ಬೇಕಾದಾಗ ಮತ್ತೆ ತರಿಸಿಕೊಳ್ಳಬಹುದು. ತಾನೇ ಬರೆದುದನ್ನೂ ತಾನೇ ತೆಗೆದ ಚಿತ್ರಗಳನ್ನೂ ತರಿಸಿಕೊಳ್ಳಲಾಗದು. ಆದುದರಿಂದ ಎರಡು ಟೆರಾಬೈಟಿನ ಒಂದಕ್ಕಿಂತ, ಅರ್ಧ ಟೆರಾಬೈಟಿನ ಎರಡು ಮೇಲು. ಇಂಟರ್ನೆಟ್ಟಿನ ಉಗ್ರಾಣವೂ ಉಪಯುಕ್ತವೇ. ಆದರೆ ಲ್ಯಾಪ್‌ಟಾಪಿನೊಡನೆ ಹೊಂದಿಕೊಂಡು ನಡೆಯುವ ಉಗ್ರಾಣದಲ್ಲಿ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ. ಅದನ್ನು ಮೂರನೆಯ ಪ್ರತಿಯೆಂದು ಎಣಿಸುವುದು ಕ್ಷೇಮ.

ಇನ್ನು ಕೊಳ್ಳುವಾಗ ಗಮನಿಸತಕ್ಕ ಕೆಲವು ಮಾತುಗಳು. ದಿನವೂ ಕಾಲೇಜಿಗೆ ಹೊತ್ತು ತಿರುಗುವುದಾದರೆ ಎಸ್‌ಎಸ್‌ಡಿ; ಮನೆಯ ಮೇಜಿನ ಮೇಲೆ ಕದಲದೆ ಇರುವ ಪ್ರತಿಗೆ ಹಾರ್ಡ್ ಡಿಸ್ಕ್ ಸಾಕು, ಬೆಲೆಯೂ ಕಡಿಮೆ. ಲ್ಯಾಪ್‌ಟಾಪಿನ ಒಳಗೆ ಕೂರಿಸುವುದಾದರೆ, ಅದರ ಎಂ.2 ಗೂಡು ಸಾಟಾ ಬಗೆಯದೋ ಎನ್‌ವಿಎಂಇ ಬಗೆಯದೋ ಎಂದು ಮೊದಲೇ ತಿಳಿಯಬೇಕು. ಆಕಾರ ಒಂದೇ ಆದರೂ ಒಂದರದು ಇನ್ನೊಂದರಲ್ಲಿ ನಡೆಯದಿರಬಹುದು. ಒಂದು ಟೆರಾಬೈಟಿನ ಡ್ರೈವು ಕಂಪ್ಯೂಟರಿನಲ್ಲಿ 931 ಗಿಗಾಬೈಟ್ ಎಂದು ಕಂಡರೆ ಮೋಸವೆಂದು ಭಾವಿಸಬೇಕಾಗಿಲ್ಲ. ತಯಾರಕರು ಹತ್ತರ ಘಾತಗಳಲ್ಲಿ ಎಣಿಸುತ್ತಾರೆ, ಕಂಪ್ಯೂಟರು ಎರಡರ ಘಾತಗಳಲ್ಲಿ ಎಣಿಸುತ್ತದೆ. ನಿಜವಾದ ಮೋಸವಿರುವುದು ನಂಬಲಾಗದಷ್ಟು ಅಗ್ಗವಾದ ಭಾರಿ ಡ್ರೈವುಗಳಲ್ಲಿ. ಹೊಸದನ್ನು ತಂದ ದಿನವೇ ಪೂರ್ತಿ ತುಂಬಿಸಿ, ಬರೆದದ್ದೆಲ್ಲ ಹಾಗೆಯೇ ಓದಲು ಬರುವುದೋ ಎಂದು ಪರೀಕ್ಷಿಸಿದರೆ ಅದು ಬಯಲಾಗುತ್ತದೆ. ಐದು ವರ್ಷದ ವಾರಂಟಿ ಮೂರು ವರ್ಷದ್ದಕ್ಕಿಂತ ಮೇಲಾದರೂ, ವಾರಂಟಿಯಿಂದ ಮರಳಿ ಬರುವುದು ಹೊಸ ಪೆಟ್ಟಿಗೆಯೇ ಹೊರತು ಹಳೆಯ ಬರಹವಲ್ಲ.

ಕಡೆಯದಾಗಿ, ಪ್ರತಿ ಮಾಡಿಟ್ಟರೆ ಮಾತ್ರ ಕೆಲಸ ಮುಗಿಯಲಿಲ್ಲ. ವಾರಕ್ಕೊಮ್ಮೆ ಹೊಸತನ್ನು ಸೇರಿಸಬೇಕು. ತಿಂಗಳಿಗೊಮ್ಮೆ ಎರಡನೆಯ ಪ್ರತಿಯಿಂದ ಯಾವುದಾದರೊಂದು ಕಡತವನ್ನು ತೆರೆದು ಓದಿ ನೋಡಬೇಕು. ಪರೀಕ್ಷಿಸದೆ ಯಾವುದನ್ನೂ ಒಪ್ಪದಿರುವುದನ್ನು ಪ್ರಯೋಗಶಾಲೆಯಲ್ಲಿ ಕಲಿಯುವ ವಿದ್ಯಾರ್ಥಿಮಿತ್ರರು, ತಮ್ಮ ಸ್ವಂತ ಶ್ರಮದ ಫಲಕ್ಕೂ ಅದೇ ನಿಯಮವನ್ನು ಅನ್ವಯಿಸಲಿ.