ಮಲ್ಯರ ಮನೆಯ ಮಗ ಮತ್ತು ನಮ್ಮೂರಿನ ಒಬ್ಬ ಹುಡುಗ



ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಬ್ಬಕ್ಕೆಂದು ಶಹಾಪುರಕ್ಕೆ ಬಂದವನು ನಮ್ಮ ಮನೆಗೂ ಬಂದಿದ್ದ. ಮಾತು ಕ್ರಿಕೆಟ್ಟಿನತ್ತ ಹೊರಳಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ನಮ್ಮ ಬೆಂಗಳೂರು ತಂಡ ಹದಿನೆಂಟು ವರ್ಷಗಳ ನಂತರ ಗೆದ್ದಾಗ ವಿಜಯ ಮಲ್ಯರ ಮಗ ಸಿದ್ಧಾರ್ಥ ಮಲ್ಯ ಬಿಕ್ಕಿ ಬಿಕ್ಕಿ ಅತ್ತ ದೃಶ್ಯವನ್ನು ತನ್ನ ಮೊಬೈಲಿನಲ್ಲಿ ತೋರಿಸಿ, “ನೋಡ್ರಿ ಸರ್, ಅಪ್ಪ ಬ್ಯಾಂಕಿನ ರೊಕ್ಕ ತಿಂದ, ಮಗ ಕಣ್ಣೀರು ಹಾಕ್ತಾನ” ಎಂದು ನಕ್ಕ. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ನಗು ಸರಿಯೆನಿಸಲಿಲ್ಲ. ಅದರ ಮಾರನೆಯ ದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಆ ದುಃಖದ ಮುಂದೆ ಒಬ್ಬ ಶ್ರೀಮಂತನ ಮಗನ ಕಣ್ಣೀರು ಸಣ್ಣದೇ. ಆದರೂ ಆತನ ಬಗ್ಗೆ ಒಂದಿಷ್ಟು ಬರೆಯಬೇಕೆನಿಸಿದೆ. ಕಾರಣ ಕೊನೆಯಲ್ಲಿ ತಿಳಿಯುತ್ತದೆ.

ಮಲ್ಯರ ಮನೆತನ ಮೂಲತಃ ಬಂಟ್ವಾಳದ ಕಡೆಯದು. ಅಜ್ಜ ವಿಠ್ಠಲ ಮಲ್ಯರು ಸ್ವಾತಂತ್ರ್ಯ ಬಂದ 1947ರಲ್ಲಿ ಬ್ರಿಟಿಷರ ಯುನೈಟೆಡ್ ಬ್ರೂವರೀಸ್ ಕಂಪನಿಗೆ ಮೊದಲ ಭಾರತೀಯ ನಿರ್ದೇಶಕರಾದರು. ಸದ್ದಿಲ್ಲದೆ ದುಡಿದು ಸಾಮ್ರಾಜ್ಯ ಕಟ್ಟಿದರು. ಬೆಂಗಳೂರಿನ ಮಲ್ಯ ಆಸ್ಪತ್ರೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. 1983ರಲ್ಲಿ ಅವರು ತೀರಿಕೊಂಡಾಗ ಮಗ ವಿಜಯ ಮಲ್ಯರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದಿನ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಟಿಪ್ಪುವಿನ ಖಡ್ಗವನ್ನು ಲಂಡನ್ನಿನ ಹರಾಜಿನಲ್ಲಿ ಕೊಂಡಾಗ ನಾನೇ ತರಗತಿಯಲ್ಲಿ ಅವರನ್ನು ಹೊಗಳಿ ಮಾತಾಡಿದ್ದೆ. ಆಗ ಕುಳಿತು ಕೇಳಿದವರು ಈಗ ನನ್ನನ್ನು ಛೇಡಿಸಬಹುದು. 2002ರಲ್ಲಿ ಮತ್ತು 2010ರಲ್ಲಿ ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದರು.

ಸಿದ್ಧಾರ್ಥ ಹುಟ್ಟಿದ್ದು 1987ರ ಮೇ 7ರಂದು, ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ. ಓದಿದ್ದು ಇಂಗ್ಲೆಂಡಿನ ವೆಲಿಂಗ್ಟನ್ ಕಾಲೇಜು, ಬಳಿಕ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ. ಆತನಿಗೆ ಹದಿನೆಂಟು ತುಂಬಿದ ವಾರದಲ್ಲಿಯೇ, 2005ರ ಮೇ ತಿಂಗಳಲ್ಲಿ, ಕಿಂಗ್‌ಫಿಷರ್ ವಿಮಾನಗಳು ಹಾರಾಟ ಆರಂಭಿಸಿದವು. ಮಗನ ಹುಟ್ಟುಹಬ್ಬಕ್ಕೆ ಅಪ್ಪ ಕೊಟ್ಟ ಉಡುಗೊರೆ ಎಂದು ಪತ್ರಿಕೆಗಳು ಬರೆದವು. ನಮ್ಮ ಕಡೆ ಮಗ ಮೆಟ್ರಿಕ್ ಪಾಸಾದರೆ ಸೈಕಲ್ಲು ಕೊಡಿಸುವುದುಂಟು. ವಿಮಾನ ಕಂಪನಿಯನ್ನೇ ಉಡುಗೊರೆಯಾಗಿ ಪಡೆದ ಹುಡುಗನ ಮನಸ್ಸಿನ ಮೇಲೆ ಅದೆಂಥ ಭಾರ ಬಿದ್ದಿರಬಹುದು ಎಂದು ಆಗ ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಮುಂದೆ ಆತ ಕ್ರಿಕೆಟ್ ತಂಡದ ನಿರ್ದೇಶಕನಾದ, ಕ್ಯಾಲೆಂಡರಿನ ರೂಪದರ್ಶಿಯರನ್ನು ಆರಿಸುವ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ. ಆ ದಿನಗಳ ಆತನ ಬಗ್ಗೆ ನನಗೆ ಯಾವ ಗೌರವವೂ ಇಲ್ಲ.

2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತುಹೋದವು. ತಿಂಗಳುಗಟ್ಟಲೆ ಪಗಾರವಿಲ್ಲದೆ ನೌಕರರ ಸಂಸಾರಗಳು ಬೀದಿಗೆ ಬಂದವು. ಬ್ಯಾಂಕುಗಳಿಗೆ ಬಡ್ಡಿ ಸೇರಿ ಒಂಬತ್ತು ಸಾವಿರ ಕೋಟಿ ರೂಪಾಯಿ ಬಾಕಿ ಎಂಬ ಲೆಕ್ಕ ಹೊರಬಂತು. 2016ರ ಮಾರ್ಚಿನಲ್ಲಿ ವಿಜಯ ಮಲ್ಯರು ದೇಶ ಬಿಟ್ಟರು. 2019ರ ಜನವರಿಯಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯ ಅವರನ್ನು ಪಲಾಯನಗೈದ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಕಾಲುವೆಯ ಕೊನೆಯ ಭಾಗದಲ್ಲಿ ನೀರು ಬಾರದೆ ಭತ್ತ ಒಣಗಿಸಿಕೊಂಡ ನಮ್ಮ ರೈತನಿಗೆ ಐವತ್ತು ಸಾವಿರದ ಸಾಲಕ್ಕೆ ಬರುವ ನೋಟೀಸನ್ನು ನಾನೇ ಎಷ್ಟೋ ಸಲ ಓದಿ ಹೇಳಿದ್ದೇನೆ. ಆದ್ದರಿಂದ ಅಪ್ಪನ ವಿಷಯದಲ್ಲಿ ಜನ ಸಿಟ್ಟಾಗುವುದು ನ್ಯಾಯವೇ. ನನ್ನ ತಕರಾರು ಇರುವುದು ಆ ಸಿಟ್ಟನ್ನು ಮಗನ ತಲೆಗೂ ಕಟ್ಟುವುದರಲ್ಲಿ. ಅಪ್ಪನ ಐಶ್ವರ್ಯದ ಸುಖವನ್ನು ಆತ ಉಂಡದ್ದು ನಿಜ, ಅದನ್ನು ಮರೆಯಬೇಕಿಲ್ಲ. ಆದರೆ ಮನುಷ್ಯನನ್ನು ತೂಗುವಾಗ ಆತ ಆಮೇಲೆ ಏನು ಮಾಡಿದ ಎಂಬುದನ್ನೂ ತಕ್ಕಡಿಯಲ್ಲಿ ಇಡಬೇಕಲ್ಲವೇ?

ಆತ ಹೋದದ್ದು ನಾಟಕ ಶಾಲೆಗೆ. ಲಂಡನ್ನಿನ ರಾಯಲ್ ಸೆಂಟ್ರಲ್ ಸ್ಕೂಲಿನಲ್ಲಿ ಅಭಿನಯ ಕಲಿತ. 2016ರಲ್ಲಿ ‘ಬ್ರಾಹ್ಮಣ್ ನಮನ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಕಾಣಿಸಿಕೊಂಡ. ಎಂಬತ್ತರ ದಶಕದ ಬೆಂಗಳೂರಿನ ಕ್ವಿಜ್ ಹುಡುಗರ ಕಥೆ ಅದು. ನಾಯಕನ ಪಾತ್ರ ಈತನದಲ್ಲ. ಮನೆಯಲ್ಲಿ ಕುಳಿತು ನೋಡುವಂಥ ಚಿತ್ರವೂ ಅಲ್ಲ, ಮೊಮ್ಮಕ್ಕಳ ಜೊತೆಗಂತೂ ಬೇಡ. ನಟನಾಗಿ ಆತನ ಸಾಧನೆ ದೊಡ್ಡದೆಂದು ನಾನು ಹೇಳಲಾರೆ. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಹೊಟ್ಟೆಗಿಲ್ಲದೆ ಬಣ್ಣ ಹಚ್ಚಿದವರ ಮುಂದೆ ಆತನ ಹೆಸರು ತೆಗೆಯುವುದೂ ಸಂಕೋಚವೇ. ಆದರೆ ಮೂರು ತಲೆಮಾರಿನ ವ್ಯಾಪಾರದ ಮಗ, ಅಪ್ಪನ ಕುರ್ಚಿ ಕಣ್ಣೆದುರಿಗಿದ್ದಾಗಲೂ, ತರಗತಿಯಲ್ಲಿ ಕುಳಿತು ಮೊದಲಿಂದ ಕಲಿತನಲ್ಲ! ಶಿಕ್ಷಕನಾದ ನನಗೆ ಅದು ಮುಖ್ಯವೆನಿಸುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. 2021ರಲ್ಲಿ ಆತ ಇಂಗ್ಲಿಷಿನಲ್ಲಿ ‘ಇಫ್ ಐ ಯಾಮ್ ಆನೆಸ್ಟ್’ ಎಂಬ ಆತ್ಮಕಥನ ಪ್ರಕಟಿಸಿದ. ತನಗೆ ಖಿನ್ನತೆ ಇತ್ತು, ಗೀಳು ಕಾಯಿಲೆ ಇತ್ತು, ಕುಡಿತದ ತೊಂದರೆ ಇತ್ತು ಎಂದು ತಾನೇ ಜಗತ್ತಿಗೆ ಹೇಳಿದ. ಮದ್ಯದ ಸಾಮ್ರಾಜ್ಯದ ವಾರಸುದಾರ ಕುಡಿತದ ಬಗ್ಗೆ ಹೀಗೆ ಬರೆದದ್ದು ಸಾಮಾನ್ಯ ಮಾತಲ್ಲ. ಚಿಕಿತ್ಸೆಗೆ ಆತನ ಬಳಿ ಹಣವಿತ್ತು, ವೈದ್ಯರಿದ್ದರು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಹಣವಿದ್ದ ಎಷ್ಟು ಮನೆಗಳಲ್ಲಿ ಈ ಕಾಯಿಲೆಗಳನ್ನು ಒಳಕೋಣೆಯಲ್ಲಿ ಮುಚ್ಚಿಡುತ್ತಾರೆಂಬುದು ನಮ್ಮೂರಿನವರಿಗೆ ಗೊತ್ತಿಲ್ಲವೇ? ನಮ್ಮ ಸಿ.ಆರ್. ಚಂದ್ರಶೇಖರ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಎಷ್ಟೊಂದು ಪುಸ್ತಕ ಬರೆದರು. ಅವು ನಮ್ಮ ಶಾಲೆಯ ಕಪಾಟಿನಲ್ಲಿಯೂ ಇದ್ದವು. ನಿವೃತ್ತನಾಗುವವರೆಗೂ ನಾನು ಅವುಗಳನ್ನು ತೆರೆದು ನೋಡಿರಲಿಲ್ಲ.

ತೆರೆದು ನೋಡಿದ್ದರೆ ಒಬ್ಬ ಹುಡುಗನ ವಿಷಯದಲ್ಲಿ ನಾನು ಹಾಗೆ ನಡೆದುಕೊಳ್ಳುತ್ತಿರಲಿಲ್ಲ. ಅವನ ಹೆಸರು ಬರೆಯುವುದಿಲ್ಲ. ನೀವು ಊಹಿಸಲೂ ಹೋಗಬೇಡಿ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಶಹಾಪುರ ಇನ್ನೂ ಗುಲಬರ್ಗಾ ಜಿಲ್ಲೆಯಲ್ಲಿದ್ದ ಕಾಲ. ಅನುಕೂಲಸ್ಥ ವ್ಯಾಪಾರಿಯ ಒಬ್ಬನೇ ಮಗ. ವಾರ್ಷಿಕೋತ್ಸವದಲ್ಲಿ ಏಕಲವ್ಯನ ಪಾತ್ರ ಮಾಡಿ, ಹೆಬ್ಬೆರಳು ಕೊಡುವ ದೃಶ್ಯದಲ್ಲಿ ಸಭೆಯನ್ನೇ ಅಳಿಸಿದ್ದ. ಆದರೆ ತರಗತಿಯಲ್ಲಿ ಬರೆದ ಸಾಲನ್ನೇ ಅಳಿಸಿ ಅಳಿಸಿ ಬರೆಯುತ್ತಿದ್ದ. ಗಂಟೆಗೆ ನಾಲ್ಕು ಸಲ ಕೈ ತೊಳೆಯಲು ನಲ್ಲಿಗೆ ಓಡುತ್ತಿದ್ದ. ಪಾಠ ತಪ್ಪಿಸುವ ಹುನ್ನಾರವೆಂದು ತಿಳಿದು ನಾನು ಅವನನ್ನು ಬಿಸಿಲಿನಲ್ಲಿ ನಿಲ್ಲಿಸಿದೆ, ‘ನೀರುಕೋಳಿ’ ಎಂದು ಎಲ್ಲರೆದುರು ಕರೆದೆ. ಹುಡುಗರೆಲ್ಲ ಅದೇ ಹೆಸರು ಹಿಡಿದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವನು ನೀನಾಸಮ್‌ಗೆ ಹೋಗುತ್ತೇನೆಂದು ಹಟ ಹಿಡಿದಾಗ ತಂದೆ ನನ್ನ ಬಳಿ ಬಂದು, “ಮಾಸ್ತರ್, ಇವಗ ಒಂದೀಟು ಬುದ್ಧಿ ಹೇಳ್ರಿ, ನಾಟಕದಾಗ ಹೊಟ್ಟಿ ತುಂಬತದೇನ್ರಿ?” ಎಂದರು. ನಾನು ಬುದ್ಧಿ ಹೇಳಿದೆ. ಹುಡುಗ ಅಂಗಡಿಯಲ್ಲಿ ಕುಳಿತ.

ಈಗಲೂ ಅಲ್ಲಿಯೇ ಇದ್ದಾನೆ. ಅಂಗಡಿಯ ಕಟ್ಟೆಯ ಮೇಲೆ ನಿಂತರೆ ದೂರದಲ್ಲಿ ನಮ್ಮ ಮಲಗಿದ ಬುದ್ಧನ ಬೆಟ್ಟ ಕಾಣುತ್ತದೆ. (ಅರಮನೆ ಬಿಟ್ಟ ಆ ಸಿದ್ಧಾರ್ಥನಿಗೂ ಈ ಸಿದ್ಧಾರ್ಥನಿಗೂ ಹೋಲಿಕೆ ಮಾಡುವ ಆಸೆಯಾಯಿತು; ಅತಿಯಾದೀತೆಂದು ಬಿಟ್ಟೆ.) ಚಿಲ್ಲರೆ ಕೊಡುವಾಗ ಅವನು ಮೂರು ಸಲ ಎಣಿಸುತ್ತಾನೆ. “ವ್ಯಾಪಾರಸ್ಥರ ಬುದ್ಧಿ” ಎಂದು ಇಷ್ಟು ವರ್ಷ ನಾನು ಚೇಷ್ಟೆ ಮಾಡುತ್ತಿದ್ದೆ. ಕಳೆದ ವಾರ ಹೋದಾಗ ಮೂರನೆಯ ಸಲ ಎಣಿಸಿ ಮುಗಿಸುವವರೆಗೆ ಸುಮ್ಮನೆ ನಿಂತೆ. ಅಂಗೈಯ ಚರ್ಮ ಸೀಳಿದ್ದು ಕಂಡಿತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಂದು ಬಿಸಿಲಿನಲ್ಲಿ ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳಿದೆ. ಸಿದ್ಧಾರ್ಥ ಮಲ್ಯರ ವಿಷಯ ಹೇಳಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದಿದ್ದ ಚೀಟಿಯನ್ನು ಮುಂದಿಟ್ಟೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಬಹಳ ಹೊತ್ತು ಮಾತಾಡಲಿಲ್ಲ. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿತು: “ಸರ್, ಏಕಲವ್ಯನ ಮಾತು ಎಲ್ಲಾ ನೆನಪದಾವ್ರಿ ಇನ್ನೂ.”