ಮಗನನ್ನು ಹೊರಗೆ ಕೂರಿಸಿ ಕೇಳಿ

ಉರ್ವ ಮಾರ್ಕೆಟಿನ ಆಚೆಯ ನಮ್ಮ ಓಣಿಯಲ್ಲಿ ಕಾಗದಪತ್ರದ ಕೆಲಸವೆಂದರೆ ನಿವೃತ್ತ ಬ್ಯಾಂಕ್ ಗುಮಾಸ್ತನಾದ ನನಗೇ ಕರೆ. ಮಗನಿಗೆ ಮನೆ ಬರೆದುಕೊಟ್ಟು ಈಗ ಔಷಧಿಗೂ ಕೈಯೊಡ್ಡುವ ನೆರೆಮನೆಯ ಅಕ್ಕನೊಂದಿಗೆ ಹಿರಿಯ ನಾಗರಿಕರ ನ್ಯಾಯಮಂಡಳಿಗೆ ಹೋಗಿದ್ದೆ.

ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯ 17ನೇ ಕಲಂ ವಕೀಲರನ್ನು ಹೊರಗಿಡುತ್ತದೆ (ಕೇರಳ ಹೈಕೋರ್ಟ್ 2021ರಲ್ಲಿ ಇದನ್ನು ಒಪ್ಪಲಿಲ್ಲ). ಹಾಗಾಗಿ ತಯಾರಿಯೆಲ್ಲ ನಮ್ಮದೇ: ದಾನಪತ್ರದ ದೃಢೀಕೃತ ನಕಲು, ಆಧಾರ್, ಪಾಸ್‌ಬುಕ್, ಔಷಧಿ ಬಿಲ್ಲುಗಳು. ಆಸ್ತಿ ವಾಪಸು ಬೇಕಾದರೆ 23ನೇ ಕಲಂ. ಅದರಂತೆ, ಕೊಟ್ಟವರನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿರಬೇಕು. ಅಕ್ಕನ ಪತ್ರದಲ್ಲಿದ್ದದ್ದು ಪ್ರೀತಿ ವಾತ್ಸಲ್ಯ ಮಾತ್ರ. "ಗೊತ್ತಿದ್ದರೆ ಬರೆಸುತ್ತಿದ್ದೆ ಮಾರಾಯ್ರೆ" ಎಂದರು. ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಹೇಳಿತು. ಆದರೆ ಆ ತಾಯಿಯ ಕೈಯಲ್ಲಿ ಮಗನ ಲಿಖಿತ ವಚನವಿತ್ತು.

ಇನ್ನು ಜೀವನಾಂಶದ ಅರ್ಜಿ, ನೋಟಿಸ್ ತಲುಪಿದ 90 ದಿನದಲ್ಲಿ ಮುಗಿಯಬೇಕು. ಪೀಠದಲ್ಲಿ ಕೂರುವ ಉಪವಿಭಾಗಾಧಿಕಾರಿಗೋ ಜಮೀನು ತಕರಾರು, ಚುನಾವಣೆ, ಮಳೆಗಾಲದ ನೆರೆ ಎಲ್ಲವೂ ಒಟ್ಟಿಗೆ. ವಿಚಾರಣೆ ಮುಂದಕ್ಕೆ ಹೋದರೆ ಮಂಡಿನೋವಿನ ಅಕ್ಕನಿಗೆ ಮತ್ತೊಂದು ರಿಕ್ಷಾ ಬಾಡಿಗೆ. ವಾರಕ್ಕೊಂದು ದಿನವನ್ನು ಇದಕ್ಕೇ ಮೀಸಲಿಡಲಿ. ಮುಂದೂಡುವುದಾದರೆ ಹಿಂದಿನ ಸಂಜೆಯೇ ಫೋನ್ ಮಾಡಲಿ.

ಇನ್ನೊಂದು ಕೆಲಸ ಉಪನೋಂದಣಿ ಕಚೇರಿಗಳದ್ದು. ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು, ಮಗನನ್ನು ಹೊರಗೆ ಕೂರಿಸಿ, ನೋಡಿಕೊಳ್ಳುವ ಷರತ್ತು ಬೇಕೇ ಎಂದು ಹಿರಿಯರನ್ನು ಕೇಳಲಿ. ಅದಕ್ಕೆ ಎರಡು ನಿಮಿಷ ಸಾಕು.