ಮನೆವಾರ್ತೆ: ಹೊಟ್ಟೆಯುಬ್ಬಿದ ಮೀನಿಗೆ ಉಪವಾಸವೇ ಮೊದಲ ಮದ್ದು

ಪಟ್ಟಣದ ಚಿಕ್ಕ ಮನೆಗಳಲ್ಲಿ ನಾಯಿಯನ್ನಾಗಲಿ ಬೆಕ್ಕನ್ನಾಗಲಿ ಸಾಕುವುದಕ್ಕೆ ಅನುಕೂಲವಿಲ್ಲದಿರುವುದರಿಂದ, ಮಕ್ಕಳ ಹಟಕ್ಕೆ ಮಣಿದು ತಂದೆತಾಯಿಗಳು ಒಂದು ಗಾಜಿನ ಪಾತ್ರೆಯನ್ನೂ ಅದರೊಳಗೆ ಒಂದು ಬಣ್ಣದ ಮೀನನ್ನೂ ತಂದಿಡುವುದು ಈಗ ವಾಡಿಕೆಯಾಗಿದೆ. ಅಂಗಡಿಯವರು ‘ಫೈಟರ್’ ಎಂದು ಮಾರುವ ಬೆಟ್ಟಾ ಮೀನೇ ಇವುಗಳಲ್ಲಿ ಹೆಚ್ಚು. ತಂದ ಕೆಲವು ವಾರಗಳಲ್ಲಿ ಮೀನಿನ ಹೊಟ್ಟೆ ಉಬ್ಬಿಕೊಳ್ಳುತ್ತದೆ, ಮಲ ಬೀಳುವುದಿಲ್ಲ, ಮೀನು ಒಂದು ಮಗ್ಗುಲಾಗಿ ತೇಲುತ್ತದೆ, ಇಲ್ಲವೆ ತಳ ಹಿಡಿದು ಮಲಗುತ್ತದೆ. ಮಗು ಅಳತೊಡಗುತ್ತದೆ, ಮನೆಯವರಿಗೆ ದಿಕ್ಕು ತೋಚದು. ಈ ತಿಂಗಳು ನಾವು ಈ ವಿಷಯವನ್ನೇ ವಿಚಾರಮಾಡೋಣ.

ಒಂದು ಮೀನಿಗೆ ಇಷ್ಟು ಉಪಚಾರವೇ ಎಂದು ನಗುವವರೂ ಇರಬಹುದು. ಹೊಳೆಯಲ್ಲಿರುವ ಮೀನಿಗೆ ನೀರು ಕೆಟ್ಟರೆ ಬೇರೊಂದು ಮಡುವಿಗೆ ಹೋಗುವ ದಾರಿಯುಂಟು. ಗಾಜಿನೊಳಗಿರುವ ಮೀನಿಗೆ ಅದು ಎಲ್ಲಿಯದು? ಅದರ ಅನ್ನ, ನೀರು, ಬೆಚ್ಚಗು ಎಲ್ಲವೂ ನಮ್ಮ ಕೈಯಲ್ಲಿರುವಾಗ ಅದರ ಕಾಯಿಲೆಯ ಹೊಣೆಯೂ ನಮ್ಮದೇ ಅಲ್ಲವೆ?

ಚಿಕಿತ್ಸೆಗೆ ಮೊದಲು ಪ್ರಾಣಿಯ ಸ್ವಭಾವವನ್ನು ಅರಿಯಬೇಕು. ಬೆಟ್ಟಾ ಮೀನಿನ ತವರು ಸಯಾಂ, ಎಂದರೆ ಇಂದಿನ ಥಾಯ್ಲೆಂಡ್ ದೇಶ. ಅಲ್ಲಿಯ ಬತ್ತದ ಗದ್ದೆಗಳಲ್ಲಿಯೂ ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿಯೂ ಅದು ವಾಸಿಸುವುದು. ಆ ದೇಶದವರು ಇದನ್ನು ‘ಪ್ಲಾ ಕಟ್’, ಎಂದರೆ ಕಚ್ಚುವ ಮೀನು, ಎಂದು ಕರೆಯುವರು; 2019ರಲ್ಲಿ ಇದನ್ನು ತಮ್ಮ ರಾಷ್ಟ್ರೀಯ ಜಲಚರವೆಂದು ಘೋಷಿಸಿದರು. ಕಿವಿರುಗಳಲ್ಲದೆ ಇದರ ತಲೆಯಲ್ಲಿ ಗಾಳಿಯನ್ನೇ ಉಸಿರಾಡಲು ಬೇರೊಂದು ಅಂಗವಿರುವುದರಿಂದ, ಇದು ಆಗಾಗ ಮೇಲಕ್ಕೆ ಬಂದು ಗಾಳಿ ಗುಟುಕರಿಸಲೇಬೇಕು. ಇದರ ಸಹಜಾಹಾರ ಸೊಳ್ಳೆಯ ಮರಿಹುಳು ಮೊದಲಾದ ಸಣ್ಣ ಕೀಟಗಳು. ಮಾಂಸಾಹಾರಿಯಾದುದರಿಂದ ಕರುಳು ಗಿಡ್ಡ. ಹೊಟ್ಟೆಯಾದರೋ ಬಹು ಚಿಕ್ಕದು, ಅದರ ಕಣ್ಣಿನ ಗಾತ್ರವೆಂದು ಸಾಕುವವರು ಅಂದಾಜು ಹೇಳುವರು.

ಇಷ್ಟನ್ನು ತಿಳಿದ ಮೇಲೆ ರೋಗದ ಮೂಲ ತಾನಾಗಿಯೇ ತೋರುವುದು. ಬೆಳಿಗ್ಗೆ ತಂದೆ ನಾಲ್ಕು ಕಾಳು ಹಾಕುವರು. ಶಾಲೆಗೆ ಹೊರಟ ಮಗು ನಾಲ್ಕು. ಮಧ್ಯಾಹ್ನ ಅಜ್ಜಿ, “ಪಾಪ, ಬಾಯಿಬಿಡುತ್ತಿದೆ” ಎಂದು ಮತ್ತೆ ನಾಲ್ಕು. ಮೀನು ಬೇಡವೆನ್ನುವುದಿಲ್ಲ, ಸಿಕ್ಕಿದಾಗ ತಿನ್ನುವುದೇ ಅದರ ಗುಣ. ಅಂಗಡಿಯ ಒಣಗುಳಿಗೆಗಳು ನೀರು ಹೀರಿ ಉಬ್ಬುತ್ತವೆ. ನೀರು ತಣ್ಣಗಿದ್ದರೆ ಮೀನಿನ ಮೈಯೂ ತಣ್ಣಗಾಗಿ ಜೀರ್ಣಶಕ್ತಿ ಕುಂದುವುದು. ಮಲಬದ್ಧತೆಯಾಗಿ ಉಬ್ಬಿದ ಹೊಟ್ಟೆ, ತೇಲುವುದಕ್ಕೂ ಮುಳುಗುವುದಕ್ಕೂ ಸಾಧನವಾದ ಗಾಳಿಚೀಲವನ್ನು ಒತ್ತುವುದರಿಂದ ಮೀನು ಸಮತೋಲ ತಪ್ಪುವುದು. ಹೀಗೆ ಬಹುಮಟ್ಟಿಗೆ ಇದು ಪ್ರೀತಿಯಿಂದ ಬಂದ ರೋಗ.

ಆದುದರಿಂದ ಮೊದಲ ಮದ್ದು ಉಪವಾಸ. ಲಂಘನವೇ ಪರಮೌಷಧವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಲ್ಲಿ ಚೆನ್ನಾಗಿ ಒಪ್ಪುವುದು. ಎರಡು ಮೂರು ದಿನ ಏನನ್ನೂ ಹಾಕಕೂಡದು. ಬೆಳೆದ ಬೆಟ್ಟಾ ಮೀನು ಇಷ್ಟು ದಿನದ ಉಪವಾಸವನ್ನು ಸುಲಭವಾಗಿ ತಾಳಬಲ್ಲುದು. ಪಾತ್ರೆಯ ತಳವನ್ನು ದಿನವೂ ನೋಡುತ್ತಿರಬೇಕು. ಮಲ ಕಂಡರೆ ಅರ್ಧ ಗೆದ್ದಂತೆಯೇ ಸರಿ.

ಎರಡನೆಯದು ಬೆಚ್ಚಗು. ನೀರು 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವುದು ಲೇಸು. ಬೆಂಗಳೂರು ಮೈಸೂರುಗಳ ಚಳಿಗಾಲದ ರಾತ್ರಿಗಳಲ್ಲಿ ನೀರು ಇದಕ್ಕಿಂತ ಬಹಳ ಕೆಳಗಿಳಿಯುವುದರಿಂದ, ಉಷ್ಣಮಾಪಕವನ್ನೂ ನೀರು ಕಾಯಿಸುವ ಚಿಕ್ಕ ಹೀಟರನ್ನೂ ಇಡುವುದೊಳ್ಳೆಯದು. ಬಿಸಿನೀರನ್ನು ಒಮ್ಮೆಗೇ ಸುರಿಯತಕ್ಕದ್ದಲ್ಲ, ಮೆಲ್ಲಮೆಲ್ಲನೆ ಏರಿಸಬೇಕು. ರೋಗಿಗೆ ಮೇಲೇರಿ ಗಾಳಿ ಕುಡಿಯುವುದು ಕಷ್ಟವಾದುದರಿಂದ ನೀರಿನ ಆಳವನ್ನು ತಗ್ಗಿಸುವುದೂ ಉಪಕಾರ.

ಮೂರನೆಯದು ನೀರಿನ ಶುದ್ಧಿ. ಉಳಿದ ಆಹಾರವೂ ಮಲವೂ ಕೊಳೆತು ಅಮೋನಿಯಾ ಹುಟ್ಟುವುದು. ಅದು ಮೀನಿಗೆ ವಿಷ. ಒಂದು ಸಲಕ್ಕೆ ಕಾಲು ಭಾಗದಷ್ಟು ನೀರನ್ನು ತೆಗೆದು ಅಷ್ಟೇ ಬೆಚ್ಚಗಿನ ಹೊಸ ನೀರನ್ನು ಸೇರಿಸಬೇಕು. ನಲ್ಲಿಯ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುವುದು. ಆದರೆ ಕ್ಲೋರಮೀನ್ ಬೆರೆಸಿದ ನೀರಿಗೆ ಈ ಉಪಾಯ ಸಾಲದು. ಮೀನಿನಂಗಡಿಯಲ್ಲಿ ದೊರೆಯುವ ನಿವಾರಕವನ್ನು ಸೇರಿಸಲೇಬೇಕು.

ಉಪವಾಸ ಮುಗಿದ ಬಳಿಕ ಏನು ಕೊಡಬೇಕು? ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರು ಕೊಡಿರೆಂಬ ಸಲಹೆ ಎಲ್ಲೆಡೆಯೂ ಕೇಳಿಬರುವುದು. ಸೊಪ್ಪುಸದೆ ತಿನ್ನುವ ಚಿನ್ನದ ಮೀನಿಗೆ ಅದು ಒಗ್ಗೀತು; ಕೀಟ ತಿಂದು ಬದುಕುವ ಬೆಟ್ಟಾ ಮೀನಿನ ಗಿಡ್ಡ ಕರುಳಿಗೆ ಅಷ್ಟು ಹಿತವಲ್ಲ. ಅದಕ್ಕಿಂತ ಡ್ಯಾಫ್ನಿಯಾ ಎಂಬ ನೀರುಚಿಗಟ ಉತ್ತಮ. ಅದರ ಮೇಲ್ಕವಚ ಜೀರ್ಣವಾಗದೆ, ನಮಗೆ ನಾರುಪದಾರ್ಥವಿದ್ದಂತೆ, ಕರುಳನ್ನು ಸಾರಿಸುವುದು. ಹೆಪ್ಪುಗಟ್ಟಿಸಿದುದನ್ನು ಕರಗಿಸಿ ಸ್ವಲ್ಪವೇ ಕೊಡಬೇಕು.

ಇಷ್ಟಕ್ಕೂ ಗುಣ ಕಾಣದಿದ್ದರೆ ಎಪ್ಸಂ ಉಪ್ಪನ್ನು ಪ್ರಯೋಗಿಸಬಹುದು. 20 ಲೀಟರ್ ನೀರಿಗೆ ಒಂದು ಟೀ ಚಮಚದಷ್ಟನ್ನು ಬೇರೆ ನೀರಿನಲ್ಲಿ ಪೂರ್ತಿ ಕರಗಿಸಿ ನಿಧಾನವಾಗಿ ಬೆರೆಸಬೇಕು. ಇದು ಮೆಗ್ನೀಸಿಯಂ ಸಲ್ಫೇಟ್. ಅಡುಗೆಯ ಉಪ್ಪು ಈ ಕೆಲಸ ಮಾಡದು. ಹರಳೆಣ್ಣೆಯನ್ನಾಗಲಿ, ಮನುಷ್ಯರ ಗುಳಿಗೆಗಳನ್ನಾಗಲಿ ನೀರಿಗೆ ಹಾಕಲೇಕೂಡದು. ಹೊಟ್ಟೆಯನ್ನು ಕೈಯಿಂದ ಒತ್ತಿ ನೋಡುವುದಂತೂ ಕೊಲೆಗೆ ಸಮಾನ.

ಆದರೆ ಉಬ್ಬಿದ ಹೊಟ್ಟೆಯೆಲ್ಲ ಮಲಬದ್ಧತೆಯಲ್ಲ. ಹೆಣ್ಣು ಮೀನಾದರೆ ಮೊಟ್ಟೆ ತುಂಬಿರಬಹುದು. ಹೊಟ್ಟೆಯ ಕೆಳಗೆ ಬಿಳಿಯ ಚುಕ್ಕೆಯೊಂದು ಕಾಣುವುದು. ಮೈಯ ಹುರುಪೆಗಳೆಲ್ಲ ಹೊರಕ್ಕೆ ನಿಗುರಿ ಮೀನು ದೇವದಾರು ಕಾಯಿಯಂತೆ ತೋರಿದರೆ, ಅದು ಒಳಗಿನ ಅಂಗಗಳು ಸೋತು ನೀರು ತುಂಬಿರುವುದರ ಗುರುತು. ಇಂತಹ ಮೀನು ಉಳಿಯುವುದು ಅಪೂರ್ವ. ಜಲಚರಗಳನ್ನು ಬಲ್ಲ ಪಶುವೈದ್ಯರು ಊರಿನಲ್ಲಿದ್ದರೆ ಕೂಡಲೇ ತೋರಿಸುವುದು ವಿಹಿತ. ಅವರು ಆಸೆಯಿಲ್ಲವೆಂದರೆ, ಮಗುವಿಗೆ ಅದನ್ನು ಮುಚ್ಚಿಡಬೇಡಿರಿ. ರಾತ್ರೋರಾತ್ರಿ ಅದೇ ಬಣ್ಣದ ಮತ್ತೊಂದು ಮೀನನ್ನು ತಂದಿಡುವ ಉಪಾಯವನ್ನು ನಾವು ಮೆಚ್ಚುವುದಿಲ್ಲ. ತಾನು ಸಾಕಿದ ಜೀವಕ್ಕಾಗಿ ಅಳುವ ಹಕ್ಕು ಮಗುವಿಗುಂಟು.

ಮೀನು ಗುಣವಾದ ಮೇಲೆ ಮನೆಯಲ್ಲೊಂದು ಕಟ್ಟಳೆಯಿರಲಿ. ದಿನಕ್ಕೆರಡು ಸಲ, ಒಂದೊಂದು ಸಲಕ್ಕೆ ನೆನೆಸಿದ ಎರಡು ಮೂರು ಗುಳಿಗೆ. ವಾರಕ್ಕೊಂದು ದಿನ ಉಪವಾಸ. ಉಣಿಸುವ ಕೈಯೂ ಒಂದೇ ಇರಲಿ. ಆ ಕೈ ಮಗುವಿನದೇ ಆದರೆ ಮತ್ತೂ ಚೆನ್ನ. ಎಣಿಸಿ ಹಾಕುವುದನ್ನೂ, ಮೀನು ಇನ್ನೂ ಬಾಯಿಬಿಡುತ್ತಿರುವಾಗ ಡಬ್ಬಿಯ ಮುಚ್ಚಳ ಹಾಕುವುದನ್ನೂ ಅದು ಕಲಿಯಲಿ. ಕೊಡುವುದು ಪ್ರೀತಿಯೆಂದು ಮಕ್ಕಳು ತಾವಾಗಿಯೇ ಅರಿಯುವರು. ಕೊಡದೆ ತಡೆದುಕೊಳ್ಳುವುದೂ ಪ್ರೀತಿಯೆಂಬುದನ್ನು ನಾವು ಅವರಿಗೆ ಕಲಿಸಬೇಕು.